ಖಾತೆ ಹಂಚಿದರು, ಮಾಹಿತಿ ಹಂಚಲಿಲ್ಲ

ಮೈತ್ರಿ ಸರ್ಕಾರ ಉರುಳಿತು ಎಂದರೆ ಎಷ್ಟು ಮಂದಿ ಕೈಕೊಟ್ಟರು ಎಂದು ಕೇಳುವುದು ರೂಢಿ. ಐಸ್‌ಲ್ಯಾಂಡ್‌ನ 2017ರ ಸರ್ಕಾರದ ಮಟ್ಟಿಗೆ ಈ ಪ್ರಶ್ನೆ ಕೇಳಿ ಪ್ರಯೋಜನವಿಲ್ಲ. ಅಲ್ಲಿ ಯಾರೂ ಪಕ್ಷಾಂತರ ಮಾಡಲಿಲ್ಲ, ರೆಸಾರ್ಟ್ ಸೇರಲಿಲ್ಲ, ಸದನದಲ್ಲಿ ಅವಿಶ್ವಾಸ ನಿರ್ಣಯ ಮತಕ್ಕೆ ಬರಲೂ ಇಲ್ಲ. ಜನವರಿ 11ರಂದು ಅಧಿಕಾರ ವಹಿಸಿಕೊಂಡ ತ್ರಿಪಕ್ಷ ಸರ್ಕಾರ ಸೆಪ್ಟೆಂಬರ್ 15ರ ಬೆಳಗಾಗುವಷ್ಟರಲ್ಲಿ ಬಹುಮತ ಕಳೆದುಕೊಂಡಿತ್ತು. ಎಂಟು ತಿಂಗಳಿಗೇ ಆಯುಸ್ಸು ಮುಗಿಯಿತು. ಮೇಲ್ನೋಟಕ್ಕೆ ಕಾರಣ, ಒಂದು ಶಿಫಾರಸು ಪತ್ರದ ಮೇಲಿದ್ದ ಸಹಿ. ಅಸಲು ಕಾರಣ, ಆ ಸಹಿಯ ವಿಷಯ ತಿಳಿದಿದ್ದ ಪ್ರಧಾನಿ ಮತ್ತು ನ್ಯಾಯ ಸಚಿವೆ ಅದನ್ನು ಮಿತ್ರಪಕ್ಷಗಳಿಗೆ ಹೇಳದೆ ಉಳಿದದ್ದು.

ಆ ಸರ್ಕಾರ ಹುಟ್ಟಿದ್ದೇ ಅಪನಂಬಿಕೆಯ ಕಾಲದಲ್ಲಿ. 2008ರಲ್ಲಿ ದೇಶದ ಮೂರೂ ದೊಡ್ಡ ಬ್ಯಾಂಕುಗಳು ಕುಸಿದ ಮೇಲೆ ಹಳೆಯ ಪಕ್ಷಗಳ ಬಗ್ಗೆ ಜನರಿಗಿದ್ದ ಭರವಸೆ ಹೋಗಿತ್ತು. 2016ರ ಏಪ್ರಿಲ್‌ನಲ್ಲಿ ಪನಾಮಾ ದಾಖಲೆಗಳು ಹೊರಬಿದ್ದು ಪ್ರಧಾನಿ ದಂಪತಿಯ ವಿದೇಶಿ ಕಂಪನಿಯ ಸಂಗತಿ ಬಯಲಾದಾಗ ಸಾವಿರಾರು ಜನ ರೇಕ್ಯಾವಿಕ್‌ನ ಸಂಸತ್ ಭವನದೆದುರು ಜಮಾಯಿಸಿದರು. ಪ್ರಧಾನಿ ಸಿಗ್ಮುಂದುರ್ ಗುನ್‌ಲೌಗ್ಸನ್ ಕುರ್ಚಿ ಬಿಟ್ಟಿಳಿದರು. ಅಕ್ಟೋಬರ್ 29ರಂದು ನಡೆದ ಅವಧಿಪೂರ್ವ ಚುನಾವಣೆಯಲ್ಲಿ ಏಳು ಪಕ್ಷಗಳು 63 ಸದಸ್ಯಬಲದ ಸಂಸತ್ತು ‘ಆಲ್ತಿಂಗ್’ ಪ್ರವೇಶಿಸಿದವು. ಬಲಪಂಥೀಯ ಇಂಡಿಪೆಂಡೆನ್ಸ್ ಪಕ್ಷ 21 ಸ್ಥಾನ ಗೆದ್ದು ಮೊದಲ ಸ್ಥಾನದಲ್ಲಿತ್ತು. ಅದರ ನಾಯಕ ಬ್ಯಾರ್ನಿ ಬೆನೆಡಿಕ್ಟ್‌ಸನ್, ಎಡಪಂಥೀಯ ಹಸಿರು ಪಕ್ಷದ ಕತ್ರೀನ್ ಯಾಕೊಬ್ಸ್‌ದೋತಿರ್, ಪೈರೇಟ್ ಪಕ್ಷದ ಬಿರ್ಗಿಟ್ಟಾ ಯೋನ್ಸ್‌ದೋತಿರ್ ಒಬ್ಬರಾದ ಮೇಲೊಬ್ಬರು ಸರ್ಕಾರ ರಚನೆಗೆ ಯತ್ನಿಸಿ ಕೈಚೆಲ್ಲಿದರು. ಎರಡು ತಿಂಗಳು ಮೀರಿದ ಮಾತುಕತೆಯ ಬಳಿಕ ಬ್ಯಾರ್ನಿ ಅವರಿಗೇ ಮತ್ತೆ ಅವಕಾಶ ಒಲಿಯಿತು. ಸ್ವತಃ ಅವರ ಹೆಸರೂ ಪನಾಮಾ ದಾಖಲೆಗಳಲ್ಲಿತ್ತು ಎಂಬುದು ಆ ಹೊತ್ತಿನ ವಿಪರ್ಯಾಸ.

ಜೊತೆಗೂಡಿದ್ದು ಎರಡು ಸಣ್ಣ ಪಕ್ಷಗಳು. ಏಳು ಸ್ಥಾನಗಳ ‘ವಿದ್ರೇಯ್ಸ್ನ್’, ಯುರೋಪಿಯನ್ ಒಕ್ಕೂಟದ ವಿಚಾರದಲ್ಲಿ ಮುನಿದು ಇಂಡಿಪೆಂಡೆನ್ಸ್ ಪಕ್ಷದಿಂದ ಹೊರಬಂದವರೇ ಬಹುಮಟ್ಟಿಗೆ ಕಟ್ಟಿದ ಹೊಸ ಪಕ್ಷ. ನಾಲ್ಕು ಸ್ಥಾನಗಳ ‘ಬ್ರೈಟ್ ಫ್ಯೂಚರ್’ನ ನಾಯಕ ಒಟ್ಟಾರ್ ಪ್ರೊಪ್ಪೆ, ರಾಕ್ ಸಂಗೀತಗಾರರಾಗಿದ್ದು ರಾಜಕೀಯಕ್ಕೆ ಬಂದವರು. ಮೂವರ ಬಲ ಕೂಡಿದರೆ 32. ಬೇಕಾದ್ದಕ್ಕಿಂತ ಒಂದೂ ಹೆಚ್ಚಿಲ್ಲ. ಒಕ್ಕೂಟ ಸೇರುವ ಜಗಳವನ್ನು ಅವಧಿಯ ಕೊನೆಗೆ ಸದನ ತೀರ್ಮಾನಿಸಲಿ ಎಂದು ಮುಂದೂಡಿ, ಖಾತೆ ಹಂಚಿಕೊಂಡು ಕೆಲಸ ಶುರುಮಾಡಿದರು.

ಈ ಸರ್ಕಾರ ಕೈಕಟ್ಟಿ ಕೂರಲಿಲ್ಲ ಎಂಬುದನ್ನು ಹೇಳಲೇಬೇಕು. ಬ್ಯಾಂಕ್ ಕುಸಿತದ ಕಾಲದಿಂದ ಇದ್ದ ಬಂಡವಾಳ ನಿರ್ಬಂಧಗಳನ್ನು ಮಾರ್ಚ್‌ನಲ್ಲಿ ಬಹುತೇಕ ತೆರವುಗೊಳಿಸಿತು. ಇಪ್ಪತ್ತೈದು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಗಂಡು–ಹೆಣ್ಣಿಗೆ ಸಮಾನ ವೇತನ ಕೊಡುತ್ತಿವೆ ಎಂದು ಪ್ರಮಾಣಪತ್ರ ಪಡೆಯಬೇಕೆಂಬ ಕಾನೂನು ಜೂನ್‌ನಲ್ಲಿ ಅಂಗೀಕಾರವಾಯಿತು. ಜಗತ್ತಿನ ಗಮನ ಸೆಳೆದ ಈ ಕಾನೂನಿನ ಹಿಂದಿದ್ದದ್ದು ವಿದ್ರೇಯ್ಸ್ನ್ ಪಕ್ಷದ ಸಚಿವರು. ಪ್ರವಾಸೋದ್ಯಮ ಉಕ್ಕುತ್ತಿತ್ತು. ಹಣಕಾಸಿನ ಬಿಕ್ಕಟ್ಟಾಗಲಿ ಬೀದಿ ಹೋರಾಟದ ಒತ್ತಡವಾಗಲಿ ಸರ್ಕಾರವನ್ನು ಕಾಡುತ್ತಿರಲಿಲ್ಲ.

ಏಟು ಬಿದ್ದದ್ದು ಯಾರೂ ನೋಡದ ಕಡೆಯಿಂದ. ಐಸ್‌ಲ್ಯಾಂಡ್‌ನಲ್ಲಿ ‘ಗೌರವ ಮರುಸ್ಥಾಪನೆ’ ಎಂಬ ಹಳೆಯ ಕಾನೂನು ಪದ್ಧತಿಯೊಂದಿತ್ತು. ಗಂಭೀರ ಅಪರಾಧಕ್ಕೆ ಶಿಕ್ಷೆ ಅನುಭವಿಸಿದವರು ಕೆಲ ವರ್ಷಗಳ ನಂತರ ಸಮಾಜದ ಗಣ್ಯರಿಂದ ಸನ್ನಡತೆಯ ಪತ್ರ ತಂದರೆ, ಕಳೆದುಕೊಂಡ ನಾಗರಿಕ ಅರ್ಹತೆಗಳನ್ನು ಮರಳಿ ಪಡೆಯಬಹುದಿತ್ತು. ಅಪ್ರಾಪ್ತ ಹೆಣ್ಣುಮಕ್ಕಳ ಮೇಲೆ ದೌರ್ಜನ್ಯವೆಸಗಿ ಜೈಲು ಕಂಡಿದ್ದ ವಕೀಲರೊಬ್ಬರು ಈ ದಾರಿಯಲ್ಲಿ ಮತ್ತೆ ವೃತ್ತಿಗೆ ಮರಳಲು ಹೊರಟದ್ದು 2017ರ ಬೇಸಿಗೆಯಲ್ಲಿ ಬೆಳಕಿಗೆ ಬಂತು. ಸಂತ್ರಸ್ತೆಯರೂ ಅವರ ಮನೆಯವರೂ ಸುಮ್ಮನಿರುವುದಿಲ್ಲವೆಂದು ಬಹಿರಂಗವಾಗಿ ಅಭಿಯಾನ ಆರಂಭಿಸಿದರು. ಇಂಥವರ ಪರ ಪತ್ರ ಬರೆದವರು ಯಾರು ಎಂದು ಪತ್ರಕರ್ತರು ಕೇಳಿದರೆ ನ್ಯಾಯ ಸಚಿವಾಲಯ ಹೇಳಲು ಒಪ್ಪಲಿಲ್ಲ. ಮಾಹಿತಿ ಕೊಡಲೇಬೇಕೆಂದು ಮೇಲ್ಮನವಿ ಸಮಿತಿ ಆದೇಶಿಸಿದ ಮೇಲೆ ಒಂದೊಂದೇ ಹೆಸರು ಹೊರಬಂತು. ಮಲಮಗಳ ಮೇಲೆ ವರ್ಷಗಟ್ಟಲೆ ದೌರ್ಜನ್ಯ ನಡೆಸಿದ್ದ ಮತ್ತೊಬ್ಬ ಅಪರಾಧಿಯ ಪರ ಸಹಿ ಹಾಕಿದ್ದವರು ಪ್ರಧಾನಿಯ ತಂದೆ!

ತಂದೆ ಬಹಿರಂಗವಾಗಿ ಕ್ಷಮೆ ಕೇಳಿದರು. ಸಚಿವೆ ಹೇಳುವವರೆಗೆ ತಮಗೆ ಈ ವಿಷಯ ಗೊತ್ತೇ ಇರಲಿಲ್ಲ ಎಂದರು ಪ್ರಧಾನಿ. ಅದನ್ನು ನಂಬದಿರಲು ಕಾರಣವಿಲ್ಲ. ತಂದೆಯ ಸಹಿಗೆ ಮಗ ಹೊಣೆಯೂ ಅಲ್ಲ. ಆದರೆ ನ್ಯಾಯ ಸಚಿವೆ ಸಿಗ್ರಿದುರ್ ಆಂಡರ್ಸನ್ ತಾವು ಇದನ್ನು ಪ್ರಧಾನಿಗೆ ಜುಲೈನಲ್ಲೇ ತಿಳಿಸಿದ್ದಾಗಿ ಹೇಳಿದರು. ಇಬ್ಬರೂ ಒಂದೇ ಪಕ್ಷದವರು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಸಚಿವಾಲಯ ಕಡತ ಬಿಗಿಹಿಡಿದು ಕೂತಿದ್ದಾಗ, ಅದೇ ಸಂಪುಟದಲ್ಲಿದ್ದ ಮಿತ್ರಪಕ್ಷಗಳು ತಮಗೇ ಗೊತ್ತಿಲ್ಲದ ಗುಟ್ಟಿಗೆ ಕಾವಲು ನಿಂತಿದ್ದವು. ‘ಗಂಭೀರ ವಿಶ್ವಾಸಭಂಗ’ ಎಂದು ಹೇಳಿ ಬ್ರೈಟ್ ಫ್ಯೂಚರ್ ವಿಷಯ ಹೊರಬಿದ್ದ ರಾತ್ರಿಯೇ ಹೊರನಡೆಯಿತು. ವಿದ್ರೇಯ್ಸ್ನ್ ಕೂಡ ಚುನಾವಣೆಗೆ ಹೋಗೋಣ ಎಂದಿತು.

ಒಂದು ಸ್ಥಾನದ ಬಹುಮತ ಎಂದಾದರೂ ಮುರಿಯುವುದೇ ಎಂದು ಷರಾ ಬರೆಯುವುದು ಸುಲಭ. ಈ ವಾದವನ್ನು ಸುಳ್ಳು ಮಾಡಿದ್ದು ಮುಂದಿನ ಸರ್ಕಾರ. 2017ರ ಅಕ್ಟೋಬರ್ 28ರ ಚುನಾವಣೆಯ ನಂತರ ಎಡಪಂಥೀಯ ಕತ್ರೀನ್ ಪ್ರಧಾನಿಯಾದರು. ಅವರ ಸಂಪುಟದಲ್ಲಿ ಬಲಪಂಥೀಯ ಬ್ಯಾರ್ನಿ ಹಣಕಾಸು ಸಚಿವರಾದರು. ಪ್ರೋಗ್ರೆಸಿವ್ ಪಕ್ಷ ಮೂರನೆಯದಾಗಿ ಸೇರಿತು. ಸೈದ್ಧಾಂತಿಕವಾಗಿ ಉತ್ತರ–ದಕ್ಷಿಣ. ಕತ್ರೀನ್ ಪಕ್ಷದ ಇಬ್ಬರು ಸದಸ್ಯರು ಮೈತ್ರಿ ಒಪ್ಪಂದಕ್ಕೆ ಮೊದಲ ದಿನವೇ ಬೆಂಬಲ ಕೊಡಲಿಲ್ಲ. ಹಾಗಿದ್ದೂ ಆ ಸರ್ಕಾರ ಪೂರ್ಣಾವಧಿ ಮುಗಿಸಿ 2021ರಲ್ಲಿ ಮತ್ತೆ ಗೆದ್ದಿತು. ಅಲ್ಲಿಗೆ, ಮೈತ್ರಿಯನ್ನು ಕಾಯುವುದು ಸಂಖ್ಯೆಯೂ ಅಲ್ಲ, ತತ್ವದ ಸಾಮೀಪ್ಯವೂ ಅಲ್ಲ ಎಂದಾಯಿತು.

ಬ್ಯಾರ್ನಿ ಅವರ ತಂದೆ ಮತ್ತೊಮ್ಮೆ ಸುದ್ದಿಯಾದದ್ದು ಈ ಸರ್ಕಾರದ ಕಾಲದಲ್ಲೇ. 2022ರಲ್ಲಿ ಸರ್ಕಾರ ಇಸ್ಲಾಂಡ್ಸ್‌ಬಂಕಿ ಬ್ಯಾಂಕಿನ ಷೇರು ಮಾರಿದಾಗ ಖರೀದಿಸಿದವರಲ್ಲಿ ಅವರ ಕಂಪನಿಯೂ ಇತ್ತು. ಮಾರಾಟಕ್ಕೆ ಒಪ್ಪಿಗೆ ಕೊಟ್ಟದ್ದು ಹಣಕಾಸು ಸಚಿವ ಮಗ. ತಮಗೆ ಗೊತ್ತಿರಲಿಲ್ಲ ಎಂಬ ಮಾತನ್ನೇ ಅವರು ಈ ಬಾರಿಯೂ ಹೇಳಿದರು. ಆದರೆ 2023ರ ಅಕ್ಟೋಬರ್‌ನಲ್ಲಿ ಸಂಸತ್ತಿನ ಒಂಬುಡ್ಸ್‌ಮನ್, ಹಿತಾಸಕ್ತಿಯ ಸಂಘರ್ಷ ಇದ್ದುದರಿಂದ ಸಚಿವರು ಈ ನಿರ್ಧಾರ ಕೈಗೊಳ್ಳಬಾರದಿತ್ತು ಎಂಬ ಅಭಿಪ್ರಾಯ ಕೊಟ್ಟರು. ಬ್ಯಾರ್ನಿ ಹಣಕಾಸು ಖಾತೆ ಬಿಟ್ಟು ಕೆಲವೇ ದಿನಗಳಲ್ಲಿ ವಿದೇಶಾಂಗ ಸಚಿವರಾದರು. ಇದು ಪೂರ್ತಿ ಪ್ರಾಯಶ್ಚಿತ್ತ ಅಲ್ಲದಿರಬಹುದು. ಆದರೂ ಸರ್ಕಾರ ಉಳಿಯಿತು. ಖರೀದಿದಾರರ ಪಟ್ಟಿ ಎಲ್ಲರ ಕಣ್ಣೆದುರಿಗಿತ್ತು, ತೂಗಿ ಹೇಳಲು ಸಂಸ್ಥೆಯೊಂದಿತ್ತು, ಮಿತ್ರಪಕ್ಷಗಳು ಮೋಸಹೋದೆವು ಎನ್ನುವಂತಿರಲಿಲ್ಲ. ತಪ್ಪಿನ ಗಾತ್ರದಿಂದಲೇ ಅಳೆದರೆ 2022ರದ್ದು ಚಿಕ್ಕದೇನಲ್ಲ.

ನಾಲ್ಕು ಲಕ್ಷವೂ ಇಲ್ಲದ ಜನಸಂಖ್ಯೆಯ ದೇಶದಲ್ಲಿ ಈ ಬಗೆಯ ತೊಡಕು ಮತ್ತೆ ಮತ್ತೆ ಬರುವಂಥದ್ದು. 2017ರ ಪ್ರಧಾನಿಯೂ ವಿದ್ರೇಯ್ಸ್ನ್‌ನಿಂದ ಬಂದ ಹಣಕಾಸು ಸಚಿವರೂ ಸಂಬಂಧಿಕರೇ. ಅಂಥ ಕಡೆ ಹಿತಾಸಕ್ತಿಯ ಸಂಘರ್ಷವೇ ಇಲ್ಲದ ಸಚಿವರನ್ನು ಹುಡುಕುವುದಕ್ಕಿಂತ, ಸಂಘರ್ಷ ಇದೆ ಎಂದು ಗೊತ್ತಾದ ದಿನವೇ ಹೇಳುವ ಸಚಿವರನ್ನು ಹುಡುಕುವುದು ಮೇಲು.

ಹೊರನಡೆದ ಪಕ್ಷಕ್ಕೆ ಮತದಾರ ಏನು ಕೊಟ್ಟ? 2016ರಲ್ಲಿ ಶೇ 7.2ರಷ್ಟು ಮತ ಪಡೆದಿದ್ದ ಬ್ರೈಟ್ ಫ್ಯೂಚರ್ ಮರುವರ್ಷ ಶೇ 1.2ಕ್ಕೆ ಇಳಿದು ಆಲ್ತಿಂಗ್‌ನಿಂದಲೇ ಕಣ್ಮರೆಯಾಯಿತು. ಐದು ಸ್ಥಾನ ಕಳೆದುಕೊಂಡರೂ ಬ್ಯಾರ್ನಿ ಪಕ್ಷವೇ ಮೊದಲ ಸ್ಥಾನದಲ್ಲಿತ್ತು. ಹಾಗಾದರೆ ಬಾಯಿಮುಚ್ಚಿ ಕೂತಿದ್ದರೆ ಉಳಿಯುತ್ತಿತ್ತೇ? ಅದಕ್ಕೂ ಖಾತರಿ ಇಲ್ಲ. ಏಳು ವರ್ಷ ಮೈತ್ರಿಯಲ್ಲಿ ಉಳಿದ ಕತ್ರೀನ್ ಅವರ ಪಕ್ಷ 2024ರ ನವೆಂಬರ್ 30ರ ಚುನಾವಣೆಯಲ್ಲಿ ಒಂದೂ ಸ್ಥಾನ ಗೆಲ್ಲಲಿಲ್ಲ. ತನ್ನದೇ ಹೆಸರಿನಲ್ಲಿ ತೋರಿಸಿಕೊಳ್ಳಲು ಸಮಾನ ವೇತನದ ಕಾನೂನಿದ್ದ ವಿದ್ರೇಯ್ಸ್ನ್ ಮಾತ್ರ 2017ರಲ್ಲಿ ನಾಲ್ಕಕ್ಕೆ ಕುಗ್ಗಿ, 2024ರಲ್ಲಿ 11ಕ್ಕೆ ಏರಿ, ಕ್ರಿಸ್ಟ್ರುನ್ ಫ್ರೊಸ್ತಾದೋತಿರ್ ನೇತೃತ್ವದ ಸರ್ಕಾರದಲ್ಲಿ ಪಾಲುದಾರನಾಯಿತು.

ಸಣ್ಣ ಪಕ್ಷಕ್ಕೆ ಇದರಲ್ಲಿ ಪಾಠವಿದೆ. ಹೊರನಡೆಯುವ ಬೆದರಿಕೆ ಒಮ್ಮೆ ಮಾತ್ರ ಬಳಸಬಹುದಾದ ಅಸ್ತ್ರ. ಬಳಸಿದವನನ್ನೂ ಅದು ಸುಡುತ್ತದೆ. ಚೌಕಾಸಿಯ ಬಲ ಇರುವುದು ಸಹಿ ಹಾಕುವ ಮುನ್ನ. ಖಾತೆಗಳಿಗಾಗಿ ಎರಡು ತಿಂಗಳು ಜಗ್ಗಾಡುವ ಪಕ್ಷಗಳು, ಸಂಪುಟದಲ್ಲಿ ಒಬ್ಬರಿಗೆ ತಿಳಿದದ್ದು ಎಲ್ಲ ಪಾಲುದಾರರಿಗೂ ಎಷ್ಟು ದಿನದೊಳಗೆ ತಿಳಿಯಬೇಕು ಎಂಬುದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳುವುದಿಲ್ಲ. ಆ ಸೆಪ್ಟೆಂಬರ್‌ನಲ್ಲೇ, ಸದನ ಚದುರುವ ಮುನ್ನ, ಆಲ್ತಿಂಗ್ ‘ಗೌರವ ಮರುಸ್ಥಾಪನೆ’ಯ ಪದ್ಧತಿಯನ್ನು ರದ್ದುಮಾಡಿತು. ಸರ್ಕಾರ ಬಿದ್ದದ್ದರಿಂದ ದೇಶಕ್ಕೆ ನಷ್ಟವೇ ಆಯಿತು ಎನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪ್ರಧಾನಿಯನ್ನು ದಿನವೂ ಎದುರು ಕೂರಿಸಿಕೊಂಡು ಪ್ರಶ್ನಿಸಬಲ್ಲ ಸ್ಥಾನದಲ್ಲಿರುವುದು ವಿರೋಧಪಕ್ಷಕ್ಕಿಂತ ಮಿತ್ರಪಕ್ಷ. ಅದನ್ನು ಕತ್ತಲಲ್ಲಿ ಇಟ್ಟು ಗಳಿಸುವ ಸ್ಥಿರತೆಗಿಂತ, ಅದು ಎದ್ದು ಹೋಗಲು ಸಾಧ್ಯವಿರುವ ಅಸ್ಥಿರತೆಯೇ ಮತದಾರನಿಗೆ ಹೆಚ್ಚು ಸುರಕ್ಷಿತ.