ಎರಡೇ ಎಲೆಯ ಚಿರಂಜೀವಿ

ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಎರಡು ದಿನ ನೀರೆರೆಯುವುದು ತಪ್ಪಿದರೆ ನಮ್ಮ ಬೃಂದಾವನದ ತುಲಸಿಯೂ ತಲೆಬಾಗುವುದು. ಹಿತ್ತಿಲಿನ ಮಲ್ಲಿಗೆಯ ಬಳ್ಳಿ ಸೊರಗುವುದು. ಊರಿಗೆ ಹೊರಟ ಗೃಹಿಣಿಯು ಮನೆಗೆ ಬೀಗ ಹಾಕುವುದಕ್ಕೆ ಮೊದಲು ನೆರೆಮನೆಯಾಕೆಯನ್ನು ಕರೆದು, "ಗಿಡಗಳಿಗೆ ದಿನಕ್ಕೊಂದು ತಂಬಿಗೆ ನೀರು ಹಾಕುತ್ತಿರಿ, ಅಮ್ಮ" ಎಂದು ಹೇಳದೆ ಹೊಸ್ತಿಲು ದಾಟಳು. ಇಂತಹ ನಮಗೆ, ವರ್ಷಕ್ಕೆ ಒಂದು ಅಂಗುಲ ಮಳೆಯೂ ಬೀಳುವ ಭರವಸೆಯಿಲ್ಲದ ನೆಲದಲ್ಲಿ, ಯಾರ ಆರೈಕೆಯೂ ಇಲ್ಲದೆ, ಸಾವಿರ ವರ್ಷಗಳಿಂದ ಬದುಕಿರುವ ಗಿಡಗಳುಂಟು ಎಂದರೆ ನಂಬಿಕೆ ಬರುವುದು ಕಷ್ಟ. ಆದರೂ ಅದು ನಿಜ. ಆ ಗಿಡದ ವೃತ್ತಾಂತವನ್ನೂ, ಅದನ್ನು ಕಂಡು ಬೆರಗಾದವರ ವೃತ್ತಾಂತವನ್ನೂ ಈ ತಿಂಗಳು ವಾಚಕರ ಮುಂದಿಡಲು ಬಯಸುತ್ತೇವೆ.

ಆಫ್ರಿಕ ಖಂಡದ ನೈಋತ್ಯ ತೀರದಲ್ಲಿ, ಅಂಗೋಲಾ ದೇಶದ ದಕ್ಷಿಣಭಾಗದಿಂದ ಮೊದಲ್ಗೊಂಡು ನಮೀಬಿಯಾ ದೇಶದುದ್ದಕ್ಕೂ, ಅಟ್ಲಾಂಟಿಕ್ ಸಾಗರಕ್ಕೆ ಅಂಟಿಕೊಂಡಂತೆ ನಮೀಬ್ ಎಂಬ ಮರುಭೂಮಿಯಿದೆ. ಸಮುದ್ರವು ಇಷ್ಟು ಸಮೀಪದಲ್ಲಿದ್ದರೂ ಅಲ್ಲಿ ಮಳೆಯೇಕಿಲ್ಲವೆಂದು ವಾಚಕರು ಕೇಳಬಹುದು. ಬೆಂಗ್ವೆಲಾ ಎಂಬ ತಣ್ಣನೆಯ ಸಾಗರಪ್ರವಾಹವು ಆ ತೀರವನ್ನು ಸವರಿಕೊಂಡು ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ತಣ್ಣೀರಿನ ಮೇಲಿನ ಗಾಳಿಯೂ ತಣ್ಣಗಾಗಿ ಕೆಳಗೇ ಉಳಿಯುವುದರಿಂದ, ಮೇಲೇರಿ ಮೋಡವಾಗಿ ಮಳೆಗರೆಯುವ ಶಕ್ತಿ ಅದಕ್ಕೆ ಬಾರದು. ಅದರಲ್ಲಿನ ತೇವವು ಮಂಜಾಗಿ, ರಾತ್ರಿಯಲ್ಲಿ ದಡವನ್ನೇರಿ ಹತ್ತಾರು ಮೈಲಿ ಒಳನಾಡಿಗೆ ನುಗ್ಗಿ, ಮರುದಿನ ಹೊತ್ತೇರುವಷ್ಟರಲ್ಲಿ ಕರಗಿಹೋಗುವುದು. ಅಲ್ಲಿನ ಕೆಲವು ಜೀವಿಗಳಿಗೆ ಈ ಮಂಜೇ ಕೆರೆ, ಮಂಜೇ ಬಾವಿ.

ಇಂತಹ ನಾಡಿನ ಹರಳುಗಲ್ಲಿನ ಬಯಲುಗಳಲ್ಲಿ, ಒಣಗಿದ ಹಳ್ಳಗಳ ಪಾತ್ರಗಳಲ್ಲಿ ಬೆಳೆಯುವ ಗಿಡವೇ ವೆಲ್ವಿಚಿಯ. ದೂರದಿಂದ ನೋಡಿದವರಿಗೆ ಅದು ಗಿಡವೆಂದೇ ತೋರದು. ಯಾರೋ ಹರಕು ಚಾಪೆಗಳನ್ನೂ ಹಳೆಯ ತೊಗಲಿನ ಪಟ್ಟಿಗಳನ್ನೂ ಗುಡ್ಡೆಹಾಕಿ ಹೋದಂತೆ ಕಾಣುವುದು. ಹತ್ತಿರ ಹೋದರೆ ನಡುವೆ, ಬೋಗುಣಿಯಂತೆ ತಗ್ಗಾದ, ಕೊರಡಿನಂತೆ ಗಡುಸಾದ ಗಿಡ್ಡ ಕಾಂಡವು ತೋರುವುದು. ಅದರ ಅಂಚಿನಿಂದ ಎರಡು ಪಕ್ಕಗಳಿಗೂ ಹಲವಾರು ಪಟ್ಟಿಗಳು ಹೊರಟು, ನೆಲದ ಮೇಲೆ ಸುರುಳಿಸುತ್ತಿಕೊಂಡು ಬಿದ್ದಿರುವುವು. ಈ ಪಟ್ಟಿಗಳನ್ನೆಣಿಸಿ ಗಿಡಕ್ಕೆ ಇಷ್ಟು ಎಲೆಗಳೆಂದು ಹೇಳಹೊರಟವನು ಮೋಸಹೋದನು. ಎಲೆಗಳಿರುವುದು ಎರಡೇ. ಹುಟ್ಟಿನಿಂದ ಸಾಯುವವರೆಗೆ ಆ ಎರಡೇ.

ಇದು ಹೇಗೆಂದರೆ: ಬೀಜ ಮೊಳೆತಾಗ ಬರುವ ಎರಡು ಬೀಜದೆಲೆಗಳು ಕೆಲವು ಕಾಲದ ಮೇಲೆ ಬಾಡಿಹೋಗುವುವು. ಅಷ್ಟರಲ್ಲಿ ಎರಡು ನಿಜವಾದ ಎಲೆಗಳು ಹೊರಬಂದಿರುವುವು. ಆಮೇಲೆ ಗಿಡದ ಕುಡಿಯೇ ಸತ್ತುಹೋಗುವುದು. ಮೇಲಕ್ಕೆ ಬೆಳೆಯುವ ದಾರಿ ಹೀಗೆ ಮುಚ್ಚಿಹೋದ ಗಿಡವು ಎದೆಗುಂದದೆ, ತನ್ನ ಎರಡು ಎಲೆಗಳನ್ನೇ ಬುಡದಿಂದ ಬೆಳೆಸುತ್ತ ಹೋಗುವುದು. ನಮ್ಮ ಉಗುರು ಬುಡದಿಂದ ಬೆಳೆದು ತುದಿಯಲ್ಲಿ ಸವೆಯುವಂತೆಯೇ ಇದೂ. ವರ್ಷಕ್ಕೆ ಸುಮಾರು ನಾಲ್ಕು ಅಂಗುಲದಷ್ಟು ಹೊಸ ಎಲೆ ಕಾಂಡದ ಸೀಳಿನಿಂದ ಹೊರಬರುವುದು. ತುದಿಯು ಬಿಸಿಲಿಗೆ ಒಣಗಿ, ಗಾಳಿಗೆ ಸೀಳಿ, ಮರಳಿಗೆ ಉಜ್ಜಿ ಪುಡಿಯಾಗುವುದು. ಒಂದು ಸಾವಿರ ವರ್ಷ ಬಾಳಿದ ಗಿಡವು ಈ ಲೆಕ್ಕದಲ್ಲಿ ಒಂದೊಂದು ಎಲೆಯಾಗಿ ೩೦೦ ಅಡಿಗೂ ಮಿಗಿಲಾಗಿ ನೇಯ್ದಿರಬೇಕು. ಕಣ್ಣಿಗೆ ಕಾಣುವುದಾದರೋ ಕೆಲವೇ ಅಡಿಗಳಷ್ಟು ಮಾತ್ರ.

ಪರಂಗಿಯಲ್ಲಿರುವಂತೆ ಇದರಲ್ಲಿಯೂ ಗಂಡುಗಿಡ ಹೆಣ್ಣುಗಿಡಗಳು ಬೇರೆಬೇರೆ. ಹೂವೆಂದು ನಾವು ಕರೆಯುವಂಥದು ಇದಕ್ಕಿಲ್ಲ. ದೇವದಾರು ಮೊದಲಾದ ಮರಗಳ ಕಾಯಿಗಳನ್ನು ಹೋಲುವ ಶಂಕುಗಳು ಕಾಂಡದ ಅಂಚಿನಲ್ಲಿ ಮೂಡುವುವು. ಪರಾಗವನ್ನು ಕೀಟಗಳು ಒಯ್ಯುವುವು. ಬೀಜಕ್ಕೆ ಕಾಗದದಂತಹ ತೆಳ್ಳನೆಯ ರೆಕ್ಕೆಯುಂಟು. ಗಾಳಿಯು ಅದನ್ನು ಎತ್ತಲೋ ಒಯ್ದು ಚೆಲ್ಲುವುದು. ಬಹುಪಾಲು ಬೀಜಗಳು ಬೂಷ್ಟು ಹಿಡಿದು ಕೆಡುವುವು. ಉಳಿದವು ಮೊಳೆತು ಬೇರೂರಬೇಕಾದರೆ ಅಪರೂಪದ ಒಳ್ಳೆಯ ಮಳೆಯೊಂದು ಬರಬೇಕು. ಆದುದರಿಂದ ಅಲ್ಲಿ ಒಂದು ಮುದಿಗಿಡವು ಸತ್ತರೆ, ಅದರ ಸ್ಥಾನವನ್ನು ತುಂಬುವ ಎಳೆಯ ಗಿಡವು ಎಷ್ಟು ತಲೆಮಾರುಗಳ ಅನಂತರ ಬಂದೀತೆಂದು ಹೇಳುವಂತಿಲ್ಲ.

ಇಂಗಾಲದ ಪರೀಕ್ಷೆಯಿಂದ ತಿಳಿದುಬಂದಿರುವಂತೆ ಐದಾರು ನೂರು ವರ್ಷದ ಗಿಡಗಳು ಅಲ್ಲಿ ವಿರಳವಲ್ಲ. ನಮೀಬಿಯಾದ ಸ್ವಾಕೋಪ್‌ಮುಂಡ್ ಪಟ್ಟಣದ ಒಳನಾಡಿನ ಬಯಲಿನಲ್ಲಿರುವ ಮಹಾಗಿಡವೊಂದರ ವಯಸ್ಸು ೧,೫೦೦ ವರ್ಷಗಳಿಗೆ ಕಡಮೆಯಲ್ಲವೆಂದು ಅಂದಾಜು. ಬಾದಾಮಿಯ ಚಾಲುಕ್ಯರು ಕ್ರಿ. ಶ. ೫೭೮ರ ಶಾಸನವುಳ್ಳ ಗುಹಾಲಯವನ್ನು ಕೊರೆಯಿಸುವ ಹೊತ್ತಿಗೆ ಆ ಗಿಡವು ಎರಡು ಎಲೆ ಬಿಟ್ಟು ಕುಳಿತಿತ್ತೆಂದಾಯಿತು. ಆಮೇಲೆ ಎಷ್ಟು ರಾಜ್ಯಗಳು ಎದ್ದುವು, ಎಷ್ಟು ಬಿದ್ದುವು! ಅದಕ್ಕೆ ಎಲೆ ಬದಲಾಗಲಿಲ್ಲ. ಇದರ ಕುಲವೂ ಬಹು ಪುರಾತನವಾದುದು. ೨೦೨೧ರಲ್ಲಿ ಪ್ರಕಟವಾದ ಸಂಶೋಧನೆಯಂತೆ, ಸುಮಾರು ೮ ಕೋಟಿ ೬೦ ಲಕ್ಷ ವರ್ಷಗಳ ಹಿಂದೆ, ಆ ನಾಡು ಒಣಗತೊಡಗಿದ ಕಾಲದಲ್ಲಿ, ಇದರ ವಂಶವಾಹಿಗಳೆಲ್ಲ ಇಮ್ಮಡಿಯಾದುವಂತೆ. ಇದರ ಕುಟುಂಬದಲ್ಲಿ ಇಂದು ಉಳಿದಿರುವುದು ಈ ಒಂದೇ ಜಾತಿ.

ಇನ್ನು ಇದನ್ನು ಕಂಡು ಬೆರಗಾದವರ ವಿಷಯ. ಆಸ್ಟ್ರಿಯ ದೇಶದ ಕಾರಿಂಥಿಯ ಪ್ರಾಂತದಲ್ಲಿ ೧೮೦೬ರಲ್ಲಿ ಹುಟ್ಟಿದ ಫ್ರೀಡ್‌ರಿಖ್ ವೆಲ್ವಿಚ್ ಎಂಬುವನು ವೈದ್ಯಶಾಸ್ತ್ರವನ್ನು ಕಲಿತವನು. ಆದರೆ ಅವನ ಮನಸ್ಸೆಲ್ಲ ಗಿಡಗಳಲ್ಲಿ. ಪೋರ್ಚುಗಲ್ ಸರ್ಕಾರವು ೧೮೫೩ರಲ್ಲಿ ಅವನನ್ನು ಅಂಗೋಲಾಕ್ಕೆ ಕಳುಹಿಸಿತು. ಜ್ವರಗಳಿಂದ ಬಳಲುತ್ತಲೇ ಸಾವಿರಾರು ಸಸ್ಯಗಳನ್ನು ಕೂಡಿಹಾಕಿದ ಆತನು, ೧೮೫೯ರ ಸೆಪ್ಟೆಂಬರಿನಲ್ಲಿ ಕಾಬೊ ನೆಗ್ರೊ ಎಂಬ ಭೂಶಿರದ ಸಮೀಪದ ಬೆಂಗಾಡಿನಲ್ಲಿ ಈ ಗಿಡವನ್ನು ಕಂಡನು. ಸುಡುವ ನೆಲದ ಮೇಲೆ ಮೊಣಕಾಲೂರಿ ನೋಡುತ್ತ ಕುಳಿತನಂತೆ. ಮುಟ್ಟಿದರೆ ಎಲ್ಲಿ ಇದು ಬರಿಯ ಭ್ರಮೆಯಾಗಿ ಮಾಯವಾಗುವುದೋ ಎಂದು ಅಂಜಿದನಂತೆ. ಐವತ್ತು ದಾಟಿದ ಪಂಡಿತನೊಬ್ಬನು ಒಂದು ಗಿಡದ ಮುಂದೆ ಹೀಗೆ ಮಗುವಾದ ಈ ಸಂಗತಿಯು ನಮಗೆ ಬಹಳ ಪ್ರಿಯವಾದುದು.

ಇದಾದ ಸ್ವಲ್ಪ ಕಾಲದಲ್ಲಿಯೇ, ಥಾಮಸ್ ಬೇನ್ಸ್ ಎಂಬ ಚಿತ್ರಗಾರನು ದಕ್ಷಿಣಕ್ಕೆ ಸ್ವಾಕೋಪ್ ನದಿಯ ಸೀಮೆಯಲ್ಲಿ ಅದೇ ಗಿಡವನ್ನು ಕಂಡು, ಚಿತ್ರವನ್ನು ಬರೆದು, ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನಕ್ಕೆ ಕಳುಹಿಸಿಕೊಟ್ಟನು. ಅಲ್ಲಿ ಇದನ್ನು ಪರೀಕ್ಷಿಸಿದವನು ಜೋಸೆಫ್ ಡಾಲ್ಟನ್ ಹೂಕರ್. ಹಿಮಾಲಯದ ಸಿಕ್ಕಿಂ ಸೀಮೆಯನ್ನು ಸುತ್ತಿ, ಮುಂದೆ ಹಿಂದೂಸ್ಥಾನದ ಸಸ್ಯಗಳ ಮೇಲೆ ಏಳು ಸಂಪುಟಗಳ ದೊಡ್ಡ ಗ್ರಂಥವನ್ನು ಹೊರತಂದ ಹೂಕರನೇ ಈತನು. ತನ್ನ ದೇಶಕ್ಕೆ ಬಂದ ಗಿಡಗಳಲ್ಲೆಲ್ಲ ಇದಕ್ಕಿಂತ ಅದ್ಭುತವಾದುದಿಲ್ಲ, ಇದರಷ್ಟು ಕುರೂಪವಾದುದೂ ಅಪರೂಪ ಎಂಬುದು ಅವನ ಅಭಿಪ್ರಾಯವಾಗಿತ್ತು. ಅಲ್ಲಿಯ ಜನರ 'ತುಂಬೊ' ಎಂಬ ಮಾತಿನಿಂದಲೇ ಹೆಸರಿಡಬೇಕೆಂದು ವೆಲ್ವಿಚ್ಚನು ಸೂಚಿಸಿದ್ದನು. ಹೂಕರನಾದರೋ ಕಂಡವನ ಹೆಸರನ್ನೇ ಇಟ್ಟು, ಅದರ ಮುಂದೆ ಲ್ಯಾಟಿನ್ ಭಾಷೆಯಲ್ಲಿ 'ಅದ್ಭುತ' ಎಂಬರ್ಥದ 'ಮಿರಾಬಿಲಿಸ್' ಎಂಬ ಮಾತನ್ನು ಸೇರಿಸಿದನು.

ಆದರೆ ಈ ಮಹನೀಯರು 'ಕಂಡುಹಿಡಿಯುವ'ವರೆಗೆ ಗಿಡವನ್ನು ಯಾರೂ ಕಂಡಿರಲಿಲ್ಲವೆಂದು ತಿಳಿಯಬಾರದು. ಹೆರೆರೊ ಜನರು ಇದನ್ನು 'ಒನ್ಯಾಂಗ' ಎಂದು ಕರೆಯುತ್ತಾರೆ. ಮರಳುಗಾಡಿನ ಈರುಳ್ಳಿಯೆಂದು ಅದರ ಅರ್ಥ. ಇದರ ಎಳೆಯ ತಿರುಳನ್ನು ಹಸಿಯದಾಗಿಯೋ ಕೆಂಡದಲ್ಲಿ ಸುಟ್ಟೋ ಹಿಂದಿನವರು ತಿನ್ನುತ್ತಿದ್ದರು. ದಕ್ಷಿಣ ಆಫ್ರಿಕದ ಡಚ್ಚರ ವಂಶದವರ ಆಡುಮಾತಿನಲ್ಲಿ ಇದಕ್ಕೆ 'ಎರಡೆಲೆಯ ಸಾಯಲಾರದ್ದು' ಎಂಬರ್ಥದ ಹೆಸರಿದೆ. ನಮಗೆ ಈ ಹೆಸರೇ ಎಲ್ಲಕ್ಕಿಂತ ಸೊಗಸಾಗಿ ತೋರುತ್ತದೆ. ನಮೀಬಿಯಾ ದೇಶವು ೧೯೯೦ರಲ್ಲಿ ಸ್ವತಂತ್ರವಾದಾಗ ಈ ಗಿಡವನ್ನೇ ತನ್ನ ರಾಜ್ಯಲಾಂಛನದ ಬುಡದಲ್ಲಿರಿಸಿಕೊಂಡಿತು.

ಸಾಯಲಾರದ್ದೆಂಬುದು ನಿಜವೆ? ಬರಗಾಲಕ್ಕೆ ಅಂಜದ ಈ ಜಾತಿಯ ಜೀವಿಗಳಿಗೆ ಈಗ ಬಂದಿರುವ ಭಯವು ವಿಚಿತ್ರವಾದುದು: ಮೆಚ್ಚಿದವರ ಭಯ. ಮೇಲೆ ಹೇಳಿದ ಮಹಾಗಿಡದ ಸುತ್ತ ಈಗ ಬೇಲಿ ಹಾಕಿದ್ದಾರೆ. ಏತಕ್ಕೆಂದರೆ ನೋಡಬಂದವರ ಕಾಲ್ತುಳಿತದಿಂದ ನೆಲದಡಿಯ ಬೇರುಗಳು ನೋಯುತ್ತಿದ್ದುವು. ಆ ಬಯಲಿನಲ್ಲಿ ದಾರಿ ಬಿಟ್ಟು ಓಡಿಸಿದ ಗಾಡಿಯ ಚಕ್ರದ ಗುರುತು, ಅಳಿಸುವ ಮಳೆಯಿಲ್ಲದ ಕಾರಣ, ಹತ್ತಾರು ವರ್ಷ ಹಾಗೆಯೇ ಉಳಿಯುವುದು.

ಅಮೆರಿಕದಲ್ಲಿ ನಡೆದುದು ಇದಕ್ಕಿಂತ ಘೋರ. ನೆವಾಡ ಸೀಮೆಯ ಒಣನಾಡಿನಲ್ಲಿ ತಲೆಯೆತ್ತಿರುವ ವೀಲರ್ ಶಿಖರದ ಮೇಲೆ ಬಹು ಪುರಾತನವಾದ ಪೈನ್ ಮರಗಳಿವೆ. ೧೯೬೪ರಲ್ಲಿ ಸಂಶೋಧಕ ವಿದ್ಯಾರ್ಥಿಯೊಬ್ಬನು ಅವುಗಳಲ್ಲೊಂದರ ವಯಸ್ಸನ್ನು ತಿಳಿಯಲೆಂದು ಅಧಿಕಾರಿಗಳ ಅಪ್ಪಣೆ ಪಡೆದೇ ಅದನ್ನು ಕಡಿಯಿಸಿದನು. ಬಳೆಗಳನ್ನು ಎಣಿಸಿದ ಮೇಲೆ, ಅದು ಸುಮಾರು ೪,೯೦೦ ವರ್ಷದ ಮರವೆಂದೂ, ಆವರೆಗೆ ವಯಸ್ಸು ತಿಳಿದಿದ್ದ ಮರಗಳಲ್ಲೆಲ್ಲ ಹಿರಿಯದೆಂದೂ ಗೊತ್ತಾಯಿತು. ವಯಸ್ಸು ತಿಳಿಯಿತು, ಮರ ಹೋಯಿತು. ಕ್ಯಾಲಿಫೋರ್ನಿಯಾದ ಅಂತಹುದೇ ಇನ್ನೊಂದು ಹಿರಿಯ ಮರವು ಎಲ್ಲಿದೆಯೆಂಬುದನ್ನು ಅಲ್ಲಿನ ಅರಣ್ಯ ಇಲಾಖೆಯವರು ಗುಟ್ಟಾಗಿಟ್ಟಿದ್ದಾರೆ.

ಇವಕ್ಕಿಂತಲೂ ನಮ್ಮ ಗೃಹಸ್ಥರಿಗೆ ಹತ್ತಿರವಾದ ಸಂಗತಿ ಮತ್ತೊಂದುಂಟು. ದಕ್ಷಿಣ ಆಫ್ರಿಕದ ವಾಯವ್ಯ ಭಾಗದ ಒಣಗುಡ್ಡಗಳಲ್ಲಿ ಕೊನೊಫೈಟಂ ಎಂಬ ಪುಟ್ಟ ರಸಭರಿತ ಗಿಡಗಳು ಬೆಳೆಯುತ್ತವೆ. ಗುಂಡಿಗಳನ್ನು ಜೋಡಿಸಿಟ್ಟಂತೆ ಬಂಡೆಯ ಬಿರುಕುಗಳಲ್ಲಿ ಕುಳಿತು, ಬೇಸಗೆ ಬಂದರೆ ಒಣಗಿದ ತಮ್ಮ ಹಳೆಯ ಎಲೆಯ ಸಿಪ್ಪೆಯನ್ನೇ ಹೊದೆದು ಮಲಗುವುವು. ಕೆಲವು ಜಾತಿಗಳು ಒಂದೇ ಒಂದು ಗುಡ್ಡದಲ್ಲಿರುತ್ತವೆ. ಜಗತ್ತಿನಲ್ಲಿ ಮತ್ತೆಲ್ಲಿಯೂ ಇಲ್ಲ. ೨೦೧೯ರಿಂದೀಚೆಗೆ ಇವುಗಳ ಚೆಲುವು ದೂರದೇಶಗಳಿಗೆ ತಿಳಿದು ಬೇಡಿಕೆ ಹೆಚ್ಚಿತು. ಕಳ್ಳರು ಬಡವರನ್ನು ಕೂಲಿಗೆ ಹಿಡಿದು ಚೀಲಚೀಲವಾಗಿ ಕೀಳಿಸತೊಡಗಿದರು. ಪೊಲೀಸರು ಹಿಡಿದುಕೊಂಡ ಗಿಡಗಳೇ ಲಕ್ಷಗಟ್ಟಲೆ. ಅವನ್ನು ಕೊಂಡವರು ಗಿಡಗಳ ಶತ್ರುಗಳಲ್ಲ. ಅವನ್ನು ಬಹುವಾಗಿ ಪ್ರೀತಿಸಿ, ಕಿಟಕಿಯಲ್ಲಿಟ್ಟು ದಿನವೂ ನೋಡಬೇಕೆಂದವರು. ಕೊಳ್ಳುವವರಿಲ್ಲದಿದ್ದರೆ ಕೀಳುವವರೂ ಇರುತ್ತಿರಲಿಲ್ಲ ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ.

ನಮ್ಮ ಪಟ್ಟಣಗಳಲ್ಲಿಯೂ ಈಚೆಗೆ ಮಹಡಿಯ ಮೇಲೆ, ಕಿಟಕಿಯ ಪಕ್ಕದಲ್ಲಿ ಪುಟ್ಟ ಕುಂಡಗಳಲ್ಲಿ ಪರದೇಶದ ಕಳ್ಳಿಗಳನ್ನೂ ಇತರ ಮರುಭೂಮಿಯ ಗಿಡಗಳನ್ನೂ ಬೆಳೆಸುವ ಹವ್ಯಾಸವು ಹಬ್ಬುತ್ತಿದೆ. ಇದು ಬಹು ಒಳ್ಳೆಯ ಹವ್ಯಾಸ. ನೀರಿಗೆ ಕೊರತೆಯಿರುವ ಮನೆಗಳಿಗಂತೂ ಅನುಕೂಲವಾದುದು. ನಾವು ಹೇಳಬೇಕೆಂದಿರುವುದು ಇಷ್ಟೆ: ಕೊಳ್ಳುವಾಗ ಬೀಜದಿಂದಲೋ ಕಡ್ಡಿಯಿಂದಲೋ ತೋಟದಲ್ಲಿ ಬೆಳೆಸಿದ ಗಿಡವನ್ನೇ ಕೇಳಿ ಕೊಳ್ಳಿರಿ. ಮೈಯೆಲ್ಲ ಕಲೆಯಾಗಿ, ಬೇರು ತುಂಡಾಗಿ, ವಯಸ್ಸಾದಂತೆ ಕಾಣುವ ಅಪರೂಪದ ಗಿಡವನ್ನು ಯಾರಾದರೂ ತಂದು ಮುಂದಿಟ್ಟರೆ, ಅದು ಎಲ್ಲಿಂದ ಬಂತೆಂದು ವಿಚಾರಿಸಿರಿ. ನೇರವಾದ ಉತ್ತರ ಬಾರದಿದ್ದರೆ ಹಣವನ್ನು ಗಂಟಿನಲ್ಲಿಯೇ ಇಟ್ಟುಕೊಳ್ಳಿರಿ. ವೆಲ್ವಿಚಿಯ ಮೊದಲಾದ ಅನೇಕ ಸಸ್ಯಗಳು ಅಂತರರಾಷ್ಟ್ರೀಯ ಒಪ್ಪಂದದ ರಕ್ಷಣೆಯಲ್ಲಿವೆ; ರಹದಾರಿಯಿಲ್ಲದೆ ಅವನ್ನು ದೇಶದಿಂದ ದೇಶಕ್ಕೆ ಸಾಗಿಸುವುದು ಅಪರಾಧ.

ವೆಲ್ವಿಚಿಯವನ್ನು ಮನೆಯಲ್ಲಿ ಬೀಜದಿಂದ ಬೆಳೆಸುವವರೂ ಜಗತ್ತಿನಲ್ಲಿದ್ದಾರೆ. ಉದ್ದವಾದ ಬೇರಿಗಾಗಿ ಆಳವಾದ ಕುಂಡದಲ್ಲಿ ಮರಳು ತುಂಬಿ, ಒಂದು ಬೀಜವನ್ನೂರಿ, ಅಂಗುಲ ಅಂಗುಲವಾಗಿ ಎರಡು ಎಲೆಗಳು ನೀಳವಾಗುವುದನ್ನು ವರ್ಷಗಟ್ಟಲೆ ಕಾಯುತ್ತಾರೆ. ಆ ಗಿಡವು ದೊಡ್ಡದಾಗುವುದನ್ನು ತಾವು ಕಾಣುವುದಿಲ್ಲ, ತಮ್ಮ ಮಕ್ಕಳೂ ಕಾಣುವುದಿಲ್ಲ ಎಂಬುದನ್ನು ಅವರು ಚೆನ್ನಾಗಿ ಬಲ್ಲರು. ಅಜ್ಜನು ಮೊಮ್ಮಕ್ಕಳಿಗಾಗಿ ಹಲಸಿನ ಬೀಜ ಹಾಕುವ ನಾಡಿನವರಾದ ನಮಗೆ ಈ ಮನಸ್ಸು ಹೊಸದಲ್ಲ.

ವೆಲ್ವಿಚ್ಚನು ಮೊಣಕಾಲೂರಿ ಕುಳಿತಾಗ, ಮುಟ್ಟುವುದಕ್ಕೆ ಒಂದು ಕ್ಷಣ ಅಂಜಿದನಷ್ಟೆ? ಆ ಅಂಜಿಕೆಯೇ ಮೆಚ್ಚುಗೆಯ ಒಳ್ಳೆಯ ಭಾಗವೆಂದು ನಾವು ತಿಳಿಯುತ್ತೇವೆ. ನಮ್ಮ ಅಂಗಳದ ತುಲಸಿಗೆ ನಮ್ಮ ಕೈಯ ನೀರು ಬೇಕು. ಅದನ್ನು ಮರೆಯದೆ ಎರೆಯೋಣ. ದೂರದ ಆ ಮುದಿಗಿಡಕ್ಕೆ ನಮ್ಮಿಂದ ಬೇಕಾದುದು ಒಂದೇ: ಅದನ್ನು ಅದರ ಪಾಡಿಗೆ ಬಿಡುವುದು.