ಸೀರಿಯಲ್ ನೋಡೋರು ಅಂದ್ರ ನಿಮಗ್ಯಾಕ ನಗು?

1/6
ಉದ್ದ ಐತಿ. ಓದಂಗಿಲ್ಲ ಅನ್ನೋರು ಈಗಲೇ ಸ್ಕ್ರೋಲ್ ಮಾಡ್ರಿ, ಬೇಜಾರಿಲ್ಲ. ಆದ್ರ ನನ್ನ ಸ್ಟೋರಿಗೆ ನಗೋ ಇಮೋಜಿ ಕಳಿಸಿದ ಕ್ಲಾಸ್‌ಮೇಟ್ಸ್ ಮಾತ್ರ ಕೊನೀತನಕ ಓದಬೇಕು. ಇದು ನಿಮಗಾಗೇ ಬರ್ದಿದ್ದು.

ಸ್ಟೋರಿನಾಗ ಇದ್ದದ್ದು ಇಷ್ಟೇ. ಒಂದು ವಾಹಿನಿಯವರು ನಮ್ಮ ಜಿಲ್ಲೆಗೆ ಧಾರಾವಾಹಿ ಕಲಾವಿದರನ್ನ ಕರ್ಕೊಂಡು ಬಂದಿದ್ರು. ಹಾನಗಲ್‌ನಿಂದ ನಾನು, ನಮ್ಮವ್ವ, ಓಣಿಯ ಇನ್ನೂ ಐದು ಮಂದಿ ಹೆಣ್ಮಕ್ಕಳು ಬಸ್ ಹತ್ತಿ ಹೋಗಿದ್ವಿ. ಅದಕ್ಕ ಬಂದ ರಿಪ್ಲೈಗಳು: "ಆಂಟಿ ಗ್ಯಾಂಗ್", "ಮನ್ಯಾಗ ಕೆಲಸ ಇಲ್ಲೇನು", "ಬಿಕಾಂ ಓದಾಕಿ ಸೀರಿಯಲ್ ನೋಡ್ತಾಳಂತ".

ಇದೇ ನೀವು, ನಮ್ಮ ಸೀನಿಯರ್ ಒಬ್ಬ ಬೆಂಗಳೂರು ಕಾಮಿಕ್ ಕಾನ್‌ಗೆ ಹೋಗಿ ನರುಟೊ ವೇಷದಾಗ ಫೋಟೊ ಹಾಕಿದಾಗ ಬೆಂಕಿ ಇಮೋಜಿ ಸುರಿಸಿದ್ರಿ. ನಾನೂ ಸುರಿಸಿದೆ, ವೇಷ ಚಲೋನೇ ಇತ್ತು. ಹಾವೇರಿತನಕ ಬಸ್ಸು, ಅಲ್ಲಿಂದ ರಾತ್ರಿ ರೈಲು, ಬೆಳಿಗ್ಗೆ ಎದ್ದು ವೈಟ್‌ಫೀಲ್ಡ್‌ಗೆ ಮೆಟ್ರೋ. ತಾನು ಪ್ರೀತಿಸೋ ಸರಣಿ ಸಲುವಾಗಿ ಅಷ್ಟು ದೂರ ಹೋದ. ನಮ್ಮವ್ವನೂ ಅದನ್ನೇ ಮಾಡಿದ್ಲು. ಅವಂದು ಫ್ಯಾಂಡಮ್, ಇವಳದು ಟೈಮ್‌ಪಾಸ್. ಇದರಾಗ ಲೆಕ್ಕ ಎಲ್ಲಿ ತಪ್ಪೈತಿ ನೀವೇ ಹೇಳ್ರಿ, ಟ್ಯಾಲಿ ಕಲ್ತೋರು ಇದ್ದೀರಿ.

2/6
ಈಗ ನಮ್ಮೂರಿನ ಮಾತಿಗೆ ಬರೋಣು. ದೀಪಾವಳಿ ಆದ ಕೂಡ್ಲೇ ನಮ್ಮ ಕಡೆ ಏನು ಸುರು ಆಗ್ತೈತಿ? ಹೋರಿ ಬೆದರಿಸೋ ಹಬ್ಬ. ಹೋರಿಗೊಂದು ಹೆಸರು, ಹೆಸರಿನ ಟೀಶರ್ಟು, ಬಾವುಟ, ಫ್ಲೆಕ್ಸು, ಹಾಡು, ಇದೇ ಆ್ಯಪ್‌ನಾಗ ಪೇಜು. ಯಾವ ಹೋರಿ ಯಾವ ಅಖಾಡದಾಗ ಕೊಬ್ಬರಿ ಹರಿಸ್ಕೊಳ್ಳದ ಓಡಿತು ಅಂತ ನಿಮಗ ಬಾಯಿಪಾಠ. ಹೋರಿ ಸತ್ರ ಮೆರವಣಿಗೆ ಮಾಡಿ ಮಣ್ಣು ಮಾಡ್ತೀರಿ, ಕಣ್ಣೀರು ಹಾಕ್ತೀರಿ. ಅದನ್ನ ನೋಡಿ ನಾನು ಯಾವತ್ತೂ ನಕ್ಕಿಲ್ಲ. ಅದು ಪ್ರೀತಿ.

ಆದ್ರ ಅದು ಅಭಿಮಾನಿಗಳ ಸಮ್ಮೇಳನ ಅಲ್ಲದ ಮತ್ತೇನು? ಹೋರಿ ಹಾಯ್ದು ಆಸ್ಪತ್ರೆ ಸೇರಿದವನಿಗೆ "ಹುಲಿ" ಅಂತೀರಿ. ಧಾರಾವಾಹಿ ನಾಯಕಿನ್ನ ನೋಡಾಕ ಬಿಸಿಲಾಗ ನಿಂತ ಹೆಣ್ಮಗಳಿಗೆ ಕೆಲಸ ಇಲ್ಲ ಅಂತೀರಿ. ನಿಮ್ಮ ನಗು ಧಾರಾವಾಹಿ ಮ್ಯಾಲೆ ಅಲ್ಲ. ನೋಡೋರು ಯಾರು ಅನ್ನೋದರ ಮ್ಯಾಲೆ.

3/6
"ಅದೇ ಅತ್ತಿ-ಸೊಸಿ ಜಗಳ, ಒಂದು ಕಪಾಳಕ್ಕ ಹೊಡದ್ರ ಮೂರು ಸಲ ತೋರಸ್ತಾರ, ಅದಕ್ಕ ಯಾವ ಫ್ಯಾನ್?" ಅಂತೀರಲ್ಲ, ಒಪ್ಪಿದೆ. ಮೂರು ಸಲ ಅಲ್ಲ, ಐದು ಸಲ ತೋರಿಸಿದ್ದೂ ಐತಿ. ಅದನ್ನ ನಿಮಗಿಂತ ಚೆಂದ ಬೈಯೋದು ದಿನಾ ನೋಡೋ ಹೆಣ್ಮಕ್ಕಳೇ. ಒಂದು ಸಲ ನಮ್ಮ ಓಣಿ ಕಟ್ಟಿಗೆ ಬಂದು ಕೂಡ್ರಿ, ವಿಮರ್ಶೆ ಅಂದ್ರ ಏನಂತ ಗೊತ್ತಾಗ್ತೈತಿ.

ಇನ್ನು ಕೆಲವರು "ಮಾಲ್ಗುಡಿ ಡೇಸ್ ಆದ್ರ ಓಕೆ, ಅದು ಕ್ಲಾಸ್" ಅಂತಾರ. ನನಗೂ ಜೀವ ಅದು. ಶಂಕರ್ ನಾಗ್ 1986ರಾಗ ಆಗುಂಬೆ ಬೀದಿಯನ್ನೇ ಮಾಲ್ಗುಡಿ ಮಾಡಿದ್ರು. ಅದರಾಗ ಬರೋ ಅರಸಾಳು ರೈಲ್ವೆ ಸ್ಟೇಷನ್ 2020ರಿಂದ ಮ್ಯೂಸಿಯಂ ಆಗೇತಿ. ಮಂದಿ ಈಗಲೂ ಆಗುಂಬೆ ದೊಡ್ಡಮನೆ ಮುಂದ ನಿಂತು ಫೋಟೊ ತಗೋತಾರ, ಯಾರೂ ನಗಂಗಿಲ್ಲ. ಅದೂ ಟಿವಿ ಸರಣಿನೇ ಅಲ್ಲೇನ್ರಿ? ಹಳೇದಾದ ಮ್ಯಾಲೆ ಮರ್ಯಾದೆ ಬರ್ತೈತಿ ಅಂದ್ರ, ನಮ್ಮವ್ವ ಇನ್ನೂ ಎಷ್ಟು ವರ್ಷ ಕಾಯಬೇಕು?

4/6
ನೀವು ಹೊಗಳೋ ಕನ್ವೆನ್ಷನ್ ಪದ್ಧತಿ ಗಟ್ಟಿ ಮಾಡಿದವರು ಯಾರು ಗೊತ್ತೇನು? ಅಮೆರಿಕದಾಗ ಸ್ಟಾರ್ ಟ್ರೆಕ್ ಅನ್ನೋ ಸರಣಿಯನ್ನ ಎರಡನೇ ಸೀಸನ್‌ಗೇ ನಿಲ್ಲಿಸ್ತಾರಂತ ಸುದ್ದಿ ಹಬ್ಬಿದಾಗ, ಬೀಜೊ ಟ್ರಿಂಬಲ್ ಅನ್ನೋ ಹೆಣ್ಮಗಳು ಗಂಡನ ಜೋಡಿ ಸೇರಿ ಪತ್ರ ಚಳವಳಿ ಸುರು ಮಾಡಿದ್ಲು. ಚೀಲಗಟ್ಟಲೆ ಪತ್ರ ಹೋದವು. 1968ರಾಗ ಚಾನೆಲ್‌ನವರು ಮೂರನೇ ಸೀಸನ್ ಐತಿ ಅಂತ ಟಿವಿನಾಗೇ ಹೇಳಬೇಕಾತು. ಸರಣಿ 1969ಕ್ಕ ಮುಗೀತು, ಅಭಿಮಾನಿಗಳು ಮುಗೀಲಿಲ್ಲ. 1972ರ ಜನವರಿಯಲ್ಲಿ ನ್ಯೂಯಾರ್ಕ್‌ನ ಒಂದು ಹೋಟೆಲ್‌ನಾಗ ಸಮ್ಮೇಳನ ಇಟ್ರು. ಕೆಲವು ನೂರು ಮಂದಿ ಬರಬಹುದು ಅಂದ್ಕೊಂಡಿದ್ರು, ಬಂದವರು 3000ಕ್ಕೂ ಹೆಚ್ಚು. ಮಾಡಿದ್ದು ಚಾನೆಲ್ ಅಲ್ಲ, ಅಭಿಮಾನಿಗಳು. ಆ ತಂಡದ ಮುಂಚೂಣಿಯಾಗ ಜೋನ್ ವಿನ್‌ಸ್ಟನ್, ಡೆವ್ರಾ ಲ್ಯಾಂಗ್‌ಸಮ್ ಅಂಥ ಹೆಣ್ಮಕ್ಕಳಿದ್ರು. ನಿಮ್ಮ ಭಾಷೆಯೊಳಗ, ಆಂಟಿ ಗ್ಯಾಂಗ್.

5/6
ಈಗ ವಾಹಿನಿಯವರ ಪಾಳಿ. ಅವರನ್ನೂ ಬಿಡಂಗಿಲ್ಲ.

ನಾವು ಹೋದ ಕಾರ್ಯಕ್ರಮದಾಗ ಏನಾತು ಕೇಳ್ರಿ. ನಾಲ್ಕು ತಾಸು ಬ್ಯಾರಿಕೇಡ್ ಹಿಂದ. ಮುಂದಿನ ಸಾಲು ಪೂರ್ತಿ ಮುಖಂಡರಿಗೆ, ಅವರ ಮಕ್ಕಳಿಗೆ, ಅವರಾಗ ಅರ್ಧ ಮಂದಿಗೆ ಕಥಿನೇ ಗೊತ್ತಿರಲಿಲ್ಲ. ಕುಡಿಯೋ ನೀರು ಇಲ್ಲ, ಹೆಣ್ಮಕ್ಕಳಿಗೆ ಶೌಚಾಲಯ ಇಲ್ಲ. ಹೆಡ್‌ಸೆಟ್ ಹಾಕ್ಕೊಂಡ ಒಬ್ಬ ಹುಡುಗ ಕೈ ಎತ್ತಿದಾಗ ಚಪ್ಪಾಳೆ ಹೊಡೀಬೇಕು, ಸಾಕಾಗಲಿಲ್ಲ ಅಂದ್ರ ಮತ್ತೊಮ್ಮೆ. ಮೈಕ್ ಕೊಟ್ಟಿದ್ದು ಮೂರೇ ಮಂದಿಗೆ, "ಲವ್ ಯೂ ಮೇಡಂ" ಅನ್ನಾಕ. ನಮ್ಮವ್ವ ಪ್ರಶ್ನೆ ಕೇಳಬೇಕಂತ ಕೈ ಎತ್ತೇ ಇದ್ಲು. ಕ್ಯಾಮೆರಾ ಆ ಕೈಯನ್ನ ತಗೊಂಡು ಹೋಯ್ತು, ಮೈಕ್ ಬರಲಿಲ್ಲ.

ಬಿಕಾಂ ಮಂದಿ ಅದೀವಿ, ಲೆಕ್ಕ ಹಾಕೋಣು. ವಾಹಿನಿ ಮಾರೋ ಸರಕು ಧಾರಾವಾಹಿ ಅಲ್ಲ. ಅದನ್ನ ನೋಡೋ ನಮ್ಮವ್ವನ ಅರ್ಧ ತಾಸನ್ನ ಸೋಪು, ಎಣ್ಣಿ, ಬಂಗಾರದ ಅಂಗಡಿಯವರಿಗೆ ಸೆಕೆಂಡ್ ಲೆಕ್ಕದಾಗ ಮಾರ್ತಾರ. ವಾರ ವಾರ ಗುರುವಾರ ಬರೋ ಟಿಆರ್‌ಪಿ ಅದರ ರೇಟ್ ಕಾರ್ಡು. ಸರಕು ಕೊಡಾಕಿ ನಮ್ಮವ್ವ, ಅವಳಿಗೆ ಕುರ್ಚಿನೂ ಇಲ್ಲ. ಮತ್ತ ಅವಳು ಯಾಕ ಕೇಳಂಗಿಲ್ಲ? ಕೇಳಿದ್ರ ನೀವು ನಗ್ತೀರಿ. ಸೀರಿಯಲ್ ಪ್ರೀತಿ ನಾಚಿಕೆಗೇಡು ಅಂತ ನೀವು ಕಲಿಸಿರಿ, ನಾಚಿಕೆ ಪಡೋ ಗಿರಾಕಿ ದೂರು ಕೊಡಂಗಿಲ್ಲ. ನಿಮ್ಮ ಇಮೋಜಿ ಅವರಿಗೆ ಪುಕ್ಕಟೆ ಸೆಕ್ಯುರಿಟಿ ಗಾರ್ಡ್.

2020ರ ಲಾಕ್‌ಡೌನ್‌ನಾಗ ಟಿ.ಎನ್. ಸೀತಾರಾಮ್ ಅವರ 'ಮಗಳು ಜಾನಕಿ' ನಿಂತು ಹೋಯ್ತು. ನಮ್ಮ ಮನ್ಯಾಗ ವಾರಗಟ್ಟಲೆ ಅದೇ ಮಾತು. ಓಣಿಯಾಗಿನ ಒಬ್ಬರೂ ಒಂದು ಪತ್ರ ಹಾಕಲಿಲ್ಲ. ಹಾಕಬಹುದು ಅಂತ ಯಾರಿಗೂ ಹೊಳೀಲೇ ಇಲ್ಲ.

6/6
ಅದಕ್ಕ ನಾವೇ ಮಾಡೋಣು ಅಂತ. ಹಾನಗಲ್‌ನಾಗ, ಒಂದು ಭಾನುವಾರ, ಸುಗ್ಗಿ ಕೆಲಸ ಮುಗಿದ ಮ್ಯಾಲೆ. ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯಿಂದ ಬರೋರಿಗೆ ಸಂಜಿ ಬಸ್ ತಪ್ಪಬಾರದು, ಅದಕ್ಕ 11ಕ್ಕ ಸುರು, 4ಕ್ಕ ಮುಗಿತಾಯ. ವೇದಿಕೆ ಬ್ಯಾಡ, ಮುಖ್ಯ ಅತಿಥಿ ಬ್ಯಾಡ, ಹಾರ-ಶಾಲು ಬ್ಯಾಡ. ಚಾಪಿ, ನೀರು, ಶೌಚಾಲಯ, ಮಂಡಕ್ಕಿ-ಮಿರ್ಚಿ ಬೇಕು. ಇಷ್ಟದ ಪಾತ್ರದ ವೇಷ ಹಾಕ್ಕೊಂಡು ಬರೋರು ಬರ್ರಿ, ನಮ್ಮ ಸೀನಿಯರ್ ನರುಟೊನೂ ಬರಲಿ. ಹೋರಿ ಟೀಶರ್ಟ್ ಹಾಕ್ಕೊಂಡು ಬಂದ್ರೂ ಒಳಗ ಬಿಡ್ತೀವಿ.

ಮಾಡೋ ಕೆಲಸ ಒಂದೇ: ಪ್ರಶ್ನೆ ಬರ್ಕೊಂಡು, ಎಲ್ಲರೂ ಸಹಿ ಮಾಡಿ ವಾಹಿನಿಗಳಿಗೆ ಅಂಚೆ ಹಾಕೋದು. ಜಾಗದ ಖರ್ಚಿನ ಲೆಕ್ಕ ನಾನು ಹಿಡೀತೀನಿ, ಇಲ್ಲೇ ಪೋಸ್ಟ್ ಮಾಡ್ತೀನಿ. ಬರೋರು ನಿಮ್ಮ ಅವ್ವಂದಿರ ಪ್ರಶ್ನೆ ಕೇಳಿ ಕಮೆಂಟ್‌ನಾಗ ಹಾಕ್ರಿ.

ನಮ್ಮವ್ವ ಅವತ್ತು ಕೇಳಬೇಕಂತಿದ್ದ ಪ್ರಶ್ನೆಯಿಂದಲೇ ಸುರು ಮಾಡ್ತೀನಿ: "ನಿಮ್ಮ ಧಾರಾವಾಹಿಯಾಗ ನಮ್ಮ ಕಡೆ ಮಾತು ಆಡೋರು ಯಾವಾಗಲೂ ಅಡುಗಿಯಾಕಿ ಇಲ್ಲಾ ನಗಸೋನೇ ಯಾಕಿರ್ತಾರ್ರೀ?"

#ಹಾನಗಲ್ #ಹಾವೇರಿಜಿಲ್ಲೆ #ಆಂಟಿಗ್ಯಾಂಗ್