ಹಿತ್ತಲ ಪಲ್ಯೆ ಮತ್ತು ಮಕ್ಕಳ ಬರವಣಿಗೆ



ಜೂನ್ ಮಧ್ಯದಲ್ಲಿ ಶಾಲೆ ಶುರುವಾದೊಡನೆ ನಾವು ಕೊಡುವ ಮೊದಲ ನಿಬಂಧ ‘ನಾನು ಕಳೆದ ಬೇಸಿಗೆ ರಜೆ’. ಯಾವ ವಹಿ ತೆರೆದರೂ ಅದೇ: ಮಾಮನ ಊರಿಗೆ ಹೋದೆ, ಮಾವಿನಹಣ್ಣು ತಿಂದೆ, ಬಹಳ ಮಜಾ ಬಂತು. ಎಲ್ಲವೂ ಗೈಡಿನಿಂದ ಬಂದದ್ದು. ಸಂತೆಯ ಕಾಯಿಪಲ್ಯೆಗೆ ಪಾಕೀಟು ಮಸಾಲೆ ಹಾಕಿದಂತೆ, ಎಲ್ಲರ ಮನೆಯಲ್ಲೂ ಒಂದೇ ರುಚಿ.

ಒಮ್ಮೆ ಆರನೆಯ ತರಗತಿಯ ಹುಡುಗಿಯೊಬ್ಬಳು ಬೇರೆಯದನ್ನೇ ಬರೆದಳು. ನೀರಿನ ತ್ರಾಸು, ಆದ್ದರಿಂದ ಅಜ್ಜಿ ಅಕ್ಕಿ ತೊಳೆದ ನೀರನ್ನೇ ಬಳ್ಳಿಗೆ ಹಾಕುತ್ತಾಳೆ. ಎಳೆಕಾಯಿಯ ತಿರುಳು ಪಲ್ಯೆಗೆ, ಸಿಪ್ಪೆ ಚಟ್ನಿಗೆ. ಬಲಿತ ಒಂದು ಕಾಯಿ ಬೀಜಕ್ಕೆಂದು ಬಳ್ಳಿಯಲ್ಲೇ ಉಳಿಯುತ್ತದೆ. ಎಂಟೇ ಸಾಲು. ಆದರೆ ಕಾಯಿಯ ಹೆಸರನ್ನು ಆಕೆ ‘ದೋಡಕಾ’ ಎಂದು ಬರೆದಿದ್ದಳು. ನಾವು ಕೆಂಪು ಪೆನ್ನಿನಿಂದ ಅದನ್ನು ಹೊಡೆದು ‘ಹೀರೇಕಾಯಿ’ ಎಂದು ತಿದ್ದಿದೆವು. “ಸರ್, ನಮ್ಮ ಅಜ್ಜಿ ದೋಡಕಾ ಅಂತಾಳ್ರಿ. ನಾ ಸುಳ್ಳ ಬರದೇನೇನ್ರಿ?” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಮುಂದಿನ ನಿಬಂಧವನ್ನು ಆಕೆಯೂ ಗೈಡ್ ನೋಡಿ ಬರೆದಳು. ತಪ್ಪು ನಮ್ಮದೇ.

ವಾರಣಾ ದಂಡೆಯ ನಮ್ಮ ಸಮಡೋಳಿಯ ಕಡೆ ಹೊಲದ ತುಂಬ ಕಬ್ಬು. ಬೇಸಿಗೆಯ ಹಿತ್ತಲಲ್ಲಿ ಸಿಗುವುದು ಸ್ವಲ್ಪವೇ: ನಾಲ್ಕು ಬೆಂಡೆ, ಎರಡು ಬದನೆ, ಒಂದು ಹಿಡಿ ರಾಜಗಿರಿ, ನುಗ್ಗೆಕಾಯಿ. ಮನೆಯ ತಾಯಂದಿರು ಪುಸ್ತಕ ನೋಡಿ ಅಡುಗೆ ಮಾಡುವುದಿಲ್ಲ. ಮೊದಲು ಹಿತ್ತಲಿಗೆ ಹೋಗುತ್ತಾರೆ, ಏನಿದೆ ನೋಡುತ್ತಾರೆ, ಸಾಲದಿದ್ದರೆ ಶೇಂಗಾಪುಡಿ, ಕಡಲೆಹಿಟ್ಟು ಕೂಡಿಸಿ ಮನೆಮಂದಿಗೆಲ್ಲ ಸಾಕಾಗುವಂತೆ ಮಾಡುತ್ತಾರೆ. ಬರವಣಿಗೆಯೂ ಹೀಗೇ ಅಲ್ಲವೇ? ಮಗುವಿನ ಹತ್ತಿರ ಏನಿದೆಯೋ ಅಲ್ಲಿಂದಲೇ ಶುರುವಾಗಬೇಕು.

ಇನ್ನೊಂದು ಮಾತು. ಬೀಜ ಮೊಳೆತ ಹೊಸತರಲ್ಲಿ ಕಳೆ ಯಾವುದು, ಸಸಿ ಯಾವುದು ತಿಳಿಯುವುದಿಲ್ಲ. ಅವಸರದಲ್ಲಿ ಕಿತ್ತರೆ ಎರಡೂ ಹೋಗುತ್ತವೆ. ಮೊದಲ ಸಾಲಿಗೇ ಕೆಂಪು ಪೆನ್ನು ಹಿಡಿಯುವ ನಾವು ಮಾಡುತ್ತಿರುವುದು ಅದನ್ನೇ. ತಿದ್ದಬೇಕು, ನಿಜ. ಆದರೆ ಬೆಳೆದ ಮೇಲೆ. ಈಗ ನಾವು ‘ದೋಡಕಾ’ ಹೊಡೆಯುವುದಿಲ್ಲ. ಪಕ್ಕದಲ್ಲಿ ‘ಹೀರೇಕಾಯಿ’ ಎಂದು ಬರೆಯುತ್ತೇವೆ. ಮಗುವಿಗೆ ಎರಡು ಶಬ್ದ ಸಿಕ್ಕಂತಾಯಿತು.

ಅಡುಗೆಮನೆಯ ವಿಷಯ ಸಾಹಿತ್ಯಕ್ಕೆ ಸಣ್ಣದು ಎನ್ನುವವರಿಗೆ ಒಂದು ನೆನಪು. ಸುಮಾರು 1025ರಲ್ಲಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಗಿಡಮರ ಬೆಳೆಸುವ ವಿದ್ಯೆಯೂ ಇದೆ, ಅಡುಗೆಯೂ ಇದೆ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬದನೆ, ಬಾಳೆ, ಹಲಸಿನ ಅಡುಗೆಗಳನ್ನು ‘ಸೂಪಶಾಸ್ತ್ರ’ದಲ್ಲಿ ಷಟ್ಪದಿಯಲ್ಲೇ ಹೇಳಿದ. ಬದನೆಕಾಯಿಗೆ ಷಟ್ಪದಿಯಲ್ಲಿ ಜಾಗವಿದ್ದರೆ ನಮ್ಮ ಮಕ್ಕಳ ವಹಿಯಲ್ಲಿ ಯಾಕೆ ಇರಬಾರದು?

“ಪರೀಕ್ಷೆಯಲ್ಲಿ ಪಲ್ಯೆ ಕೇಳುವುದಿಲ್ಲ” ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನಿಜ. ಆದರೆ ಕಂಡದ್ದನ್ನು ಎಂಟು ಸಾಲು ನೆಟ್ಟಗೆ ಬರೆಯಬಲ್ಲ ಮಗು ಕೇಳಿದ ವಿಷಯವನ್ನೂ ಬರೆಯಬಲ್ಲದು. ಗಡಿಯಾಚೆಯ ನಮಗೆ ಇನ್ನೂ ಒಂದು ಚಿಂತೆಯಿದೆ. ಸುತ್ತೆಲ್ಲ ಮರಾಠಿ, ಮೇಲೆ ಇಂಗ್ಲಿಷ್ ಶಾಲೆಯ ಸೆಳೆತ. ಅಜ್ಜಿಯ ಮಾತಿಗೆ ಕನ್ನಡದ ತಾಸಿನಲ್ಲಿಯೂ ಕೆಂಪು ಗೀಟು ಬಿದ್ದರೆ, ಆ ಮಗು ಕನ್ನಡ ಶಾಲೆಗೇ ಯಾಕೆ ಬರಬೇಕು?

ಆದ್ದರಿಂದ ಈ ರಜೆಗೆ ಒಂದೇ ಮನೆಪಾಠ ಕೊಡೋಣ. ಹಿತ್ತಲಲ್ಲಿ ಬೆಳೆದ ಒಂದು ಕಾಯಿ ಅಥವಾ ಸೊಪ್ಪಿನ ಅಡುಗೆಯನ್ನು, ಮನೆಯವರು ಹೇಳಿದಂತೆಯೇ ಬರೆದುಕೊಂಡು ಬರಲಿ. ನೀರು ಎಲ್ಲಿಂದ ಬಂತು, ಸಿಪ್ಪೆ ಏನಾಯಿತು, ಯಾರು ಮೊದಲು ಉಂಡರು, ಎಲ್ಲವನ್ನೂ ಬರೆಯಲಿ. ಹಿತ್ತಲಿಲ್ಲದವರು ಒಡೆದ ಡಬ್ಬಿಯಲ್ಲಿ ಮೆಂತೆ ಹಾಕಲಿ. ಮೊದಲ ವಾರ ನಮ್ಮ ಕೆಂಪು ಪೆನ್ನು ಕಿಸೆಯಲ್ಲೇ ಇರಲಿ.

ನೀವೇನಂತೀರಿ?